ಅಣ್ಣ ಬರೆದ ಮ್ಯಾಪ್

ಮಲಪ್ರಭೆಯ ದಂಡೆಯಲ್ಲಿ, ಊರು ಮುಗಿದು ಜಾಲಿ ಕಂಟಿ ಶುರುವಾಗುವಲ್ಲಿ, ತಗಡಿನ ಒಂದು ಶೆಡ್ಡಿತ್ತು. ಹೆಸರು ಬರೆದ ಬೋರ್ಡಿಲ್ಲ, ಬಾಗಿಲಿಗೆ ಚಿಲಕವಿಲ್ಲ. ಅಲ್ಲಿ ದಸ್ತಗೀರ ಉಸ್ತಾದರಿದ್ದರು.

ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊ ಇರುವ ಕಾರುಗಳ ಹುಚ್ಚು ಹಿಡಿದವರಿಗೆ ಆ ಶೆಡ್ಡೇ ಮಠ. ದೂರದೂರದಿಂದ ಬರುತ್ತಿದ್ದರು. ಬಂದವರಲ್ಲಿ ಹೆಚ್ಚಿನವರು ಅರ್ಧ ಕಪ್ ಚಹಾ ಕುಡಿದು, ಗೊಣಗುತ್ತ ಹಿಂದಿರುಗುತ್ತಿದ್ದರು. ಉಸ್ತಾದರು ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುವ ಆಸಾಮಿಯೇ ಅಲ್ಲ. ಅದನ್ನು ತಡೆದುಕೊಂಡು ಕೂತವರು ಶಿಷ್ಯರಾದರು.

ಅಲ್ಲಿ ಕಲಿಸುತ್ತಿದ್ದ ವಿದ್ಯೆ ಒಂದೇ. ಈಗಿನ ಎಂಜಿನ್ನಿಗೆ ಒಂದು ಕಂಪ್ಯೂಟರ್ ಇರುತ್ತದೆ, ಅಂಗೈ ಅಗಲದ ಅಲ್ಯೂಮಿನಿಯಂ ಡಬ್ಬಿ. ಅದರೊಳಗೆ ಅಂಕಿಗಳ ದೊಡ್ಡ ಕೋಷ್ಟಕ. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು, ಕಿಡಿ ಹಾರಬೇಕಾದದ್ದು ಯಾವಾಗ, ಎಲ್ಲಿಗೆ ಸಾಕು ಎನ್ನಬೇಕು, ಎಲ್ಲ ಅದರಲ್ಲೇ ಬರೆದಿರುತ್ತದೆ. ಅದಕ್ಕೆ ಮ್ಯಾಪ್ ಅನ್ನುತ್ತಾರೆ.

ಶಿಷ್ಯರೆಲ್ಲ ಬಹುತೇಕ ಒಂದೇ ನಮೂನೆಯ ಗಾಡಿ ಇಟ್ಟವರು. ಹೊಸಬನಿಗೆ ಉಸ್ತಾದರು ತಮ್ಮ ಬೇಸ್ ಮ್ಯಾಪ್ ಹಾಕಿ ಕೊಡುತ್ತಿದ್ದರು. ಎಲ್ಲರಿಗೂ ಅದೇ. ಶಿಷ್ಯ ಗಾಡಿ ಓಡಿಸಿ, ಎಂಜಿನ್ನಿನ ಸದ್ದು ಕೇಳಿ, ಒಂದೊಂದೇ ಅಂಕಿ ತಿದ್ದಬೇಕು. ತಿದ್ದಿ ತಿದ್ದಿ, ಉಸ್ತಾದರ ಅಂಕಿ ಒಂದೂ ಉಳಿಯದಾದ ದಿನ ಮ್ಯಾಪ್ ಮುಗಿದ ಹಾಗೆ.

ಮುಗಿದ ಮ್ಯಾಪಿಗೆ ಯಾರೂ ಓದದಂತೆ ಬೀಗ ಹಾಕಬೇಕು. ಪ್ರತಿ ಇಟ್ಟುಕೊಳ್ಳುವಂತಿಲ್ಲ. ಬೀಗ ತೆಗೆಯುವ ಪದವನ್ನು ಉಸ್ತಾದರ ಕಿವಿಯಲ್ಲಿ ಹೇಳಿ ಹೋಗಬೇಕು. ಒಬ್ಬನ ಮ್ಯಾಪ್ ಇನ್ನೊಬ್ಬನ ಎಂಜಿನ್ನಿಗೆ ವಿಷ ಎನ್ನುವುದು ಆ ಶೆಡ್ಡಿನ ನಂಬಿಕೆ. ಉಸ್ತಾದರು ಅಂಥ ಪದವನ್ನು ಯಾವತ್ತೂ ಬಳಸಿದವರಲ್ಲ.

ಅಲ್ಲಿ ಕಲಿತವರಲ್ಲಿ ದೊಡ್ಡವನು ಶಿವಯೋಗಿ. ಉಸ್ತಾದರು ಯಾರನ್ನೂ ಬಾಯ್ತುಂಬ ಹೊಗಳುವವರಲ್ಲ. ಆದರೆ ಶಿವಯೋಗಿಯ ಬಿಳಿ ಗಾಡಿ ದೂರದಲ್ಲಿ ಬರುವ ಸದ್ದಾದರೆ ಮಾತು ನಿಲ್ಲಿಸಿ ಕೇಳುತ್ತಿದ್ದರು. ಅಷ್ಟೇ ಹೊಗಳಿಕೆ.

ಅವನು ಸತ್ತದ್ದು ಗಾಡಿಯಿಂದಲ್ಲ, ಕಾಮಾಲೆಯಿಂದ. ಘಾಟಿನ ತಿರುವುಗಳಲ್ಲಿ ಸಾವಿಗೆ ಚಳ್ಳೆಹಣ್ಣು ತಿನ್ನಿಸಿದವನು ಆಸ್ಪತ್ರೆಯ ಹಾಸಿಗೆಯಲ್ಲಿ ಹಳದಿಯಾಗಿ ಹೋಗಿಬಿಟ್ಟ.

ಹೋಗುವ ಮುಂಚೆ ಗಾಡಿಯ ಕೀಲಿಯನ್ನು, ತನ್ನ ಬೆನ್ನಿಗೆ ಶೆಡ್ಡಿಗೆ ಬರುತ್ತಿದ್ದ, ಸ್ವಂತ ಗಾಡಿಯಿಲ್ಲದ ತಮ್ಮ ಚನ್ನವೀರನ ಕೈಗಿಟ್ಟ. “ಹೊಸಾ ಮ್ಯಾಪ್ ಬರದೀನಿ. ನಿನ್ನ ಕಾಲಿಗಂತನ ಬರದೀನಿ” ಅಂದ.

ಅಣ್ಣನ ಫೋಟೊಗಳಿದ್ದವು, ಅಂಗಿಗಳಿದ್ದವು. ಅವು ಸುಮ್ಮನಿರುತ್ತಿದ್ದವು. ಗಾಡಿ ಸುಮ್ಮನಿರುತ್ತಿರಲಿಲ್ಲ. ಆಕ್ಸಲರೇಟರ್ ತುಳಿದರೆ ಅಣ್ಣ ಉತ್ತರ ಕೊಡುತ್ತಾನೆ ಎನ್ನಿಸುತ್ತಿತ್ತು ಚನ್ನವೀರನಿಗೆ.

ಎರಡನೇ ಗೇರಿನಲ್ಲಿ ಒರಟಾಗಿ ತುಳಿದರೆ ಆ ಗಾಡಿ ಒಂದು ಕ್ಷಣ ತಡೆದು, ಆಮೇಲೆ ಮೆತ್ತಗೆ ಎಳೆಯುತ್ತಿತ್ತು. ತನ್ನ ಕಾಲಿನ ಒರಟುತನ ಬಲ್ಲವನಾದ್ದರಿಂದಲೇ ಅಣ್ಣ ಹಾಗೆ ಬರೆದಿದ್ದಾನೆ ಎಂದು ಅವನು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ.

ಖಂಡೇನವಮಿಯ ಆಯುಧಪೂಜೆಗೆ ಎಲ್ಲರೂ ಬಾನೆಟ್ಟಿಗೆ ಹಾರ ಹಾಕಿದರೆ, ಚನ್ನವೀರ ಡ್ಯಾಶ್‌ಬೋರ್ಡಿನ ಕೆಳಗೆ ಕೈ ತೂರಿಸಿ ಆ ಅಲ್ಯೂಮಿನಿಯಂ ಡಬ್ಬಿಗೆ ವಿಭೂತಿ ಹಚ್ಚುತ್ತಿದ್ದ. ನೋಡಿದವರು ನಗುತ್ತಿದ್ದರು. ನಗಲಿ ಬಿಡಿ, ಹೋದದ್ದು ಅವರ ಅಣ್ಣನಲ್ಲವಲ್ಲ.

ಹೀಗಿರುವಾಗ ಗಾಡಿಯ ಟರ್ಬೊ ಮುರಿಯಿತು. ಆ ಮಾಡೆಲ್ ಈಗ ಎಲ್ಲಿಯೂ ಸಿಗುವುದಿಲ್ಲ. ಸಿಕ್ಕದ್ದು ಅದಕ್ಕಿಂತ ದೊಡ್ಡದು, ಚನ್ನವೀರ ಅದನ್ನೇ ಹಾಕಿಸಿದ. ದೊಡ್ಡ ಟರ್ಬೊ ಎಂದರೆ ಹೆಚ್ಚು ಗಾಳಿ. ಮ್ಯಾಪಿನಲ್ಲಿ ಅಷ್ಟು ಗಾಳಿಗೆ ಬರೆದೇ ಇಲ್ಲ.

ಅಂದಿನಿಂದ ಅವನ ನಿದ್ದೆ ಹಾರಿಹೋಯಿತು. ಸಿಟಿಯಲ್ಲೆಲ್ಲ ತಿರುಗಿದ. ಒಬ್ಬೊಬ್ಬರು ಒಂದೊಂದು ಹೇಳಿದರು. ಕಡೆಗೆ, ಬಿಸಿಲು ಏರುವ ಹೊತ್ತಿಗೆ ಒಂದು ದಿನ, ಶೆಡ್ಡಿನ ಮುಂದೆ ಗಾಡಿ ತಂದು ನಿಲ್ಲಿಸಿದ.

ಉಸ್ತಾದರು ಹೊರಗೆ ಬಂದರು. ಗಾಡಿಯನ್ನು ನೋಡಲಿಲ್ಲ. ಅವನ ಮುಖ ನೋಡಿದರು.

“ಸೊರಗೀದಿ” ಅಂದರು.

“ನಮಸ್ಕಾರ್ರಿ ಉಸ್ತಾದ್ರ. ಒಂದು ಮಾತು ಕೇಳಾಕ ಬಂದೀನಿ.”

“ಕೇಳು.”

“ಮೂರು ದಾರಿ ಅದಾವ ಅಂತಾರ್ರಿ. ಮೊದಲನೇದು, ಇದ್ದ ಮ್ಯಾಪ್ ಅಳಿಸಿ ಹೊಸಾದು ಬರಿಯೂದು. ಹಂಗ ಮಾಡಿದ್ರ ಅಣ್ಣ ಬರದದ್ದು ಹೋಗ್ತೈತಿ.”

“ಹೋಗ್ತೈತಿ.”

“ಎರಡನೇದು, ಹಳೇ ಕಂಪ್ಯೂಟರ್ ಕಿತ್ತು ಹೊಸಾ ಕಂಪ್ಯೂಟರ್ ಹಾಕೂದು. ಹಳೇದನ್ನ ಮನ್ಯಾಗ ಇಟ್ಕೋಬಹುದು.”

“ಇಟ್ಕೊಂಡು?”

“ಇರ್ತೈತ್ರಿ.”

“ಎಂಜಿನ್ ಇಲ್ಲದ ಮ್ಯಾಪ್ ಅಂದ್ರ ಏನು?”

ಚನ್ನವೀರ ಕೀಲಿಯನ್ನು ಅಂಗೈಯಲ್ಲಿ ತಿರುಗಿಸಿದ.

“ಮೂರನೇದು?” ಅಂದರು ಉಸ್ತಾದರು.

“ನಡುವ ಒಂದು ಸಣ್ಣ ಡಬ್ಬಿ ಕೂಡಸೂದ್ರಿ. ಗಾಳಿ ಜಾಸ್ತಿ ಇದ್ರೂ ಕಡಿಮಿ ಐತಿ ಅಂತ ಅದು ಕಂಪ್ಯೂಟರಿಗೆ ಹೇಳ್ತೈತಿ. ಆವಾಗ ಅಣ್ಣನ ಮ್ಯಾಪ್ ಹಂಗ ಉಳೀತೈತಿ, ಗಾಡೀನೂ ಓಡ್ತೈತಿ.” ಅವನು ನೆಲ ನೋಡಿದ. “ಮೂರರಾಗ ಯಾವುದು ಆರಿಸ್ಕೊಳ್ಳಲ್ರಿ?”

ಉಸ್ತಾದರು ಒಳಗೆ ಹೋಗಿ ಒಂದು ತಾಮ್ರದ ಕೊಳವೆ, ಉದ್ದನೆಯ ರಬ್ಬರ್ ಪೈಪು ತಂದರು. ಕೊಳವೆಯನ್ನು ಎಂಜಿನ್ನಿನ ಮೈಗೆ ಬಿಗಿದರು. ಪೈಪನ್ನು ಕಿಟಕಿಯಿಂದ ಒಳಗೆ ಎಳೆದು ಚನ್ನವೀರನ ಕೈಗೆ ಕೊಟ್ಟರು.

“ಕಿವ್ಯಾಗ ಇಟ್ಕೊ. ನಾ ಹೊಡೀತೀನಿ.”

ಆ ಶೆಡ್ಡಿನ ಕೆಲಸದ ರೀತಿಯೇ ಅದು. ಸ್ಕ್ರೀನು ಆಮೇಲೆ, ಕಿವಿ ಮೊದಲು.

ಕಾಲುವೆ ರಸ್ತೆಗೆ ಗಾಡಿ ಇಳಿಯಿತು. ಉಸ್ತಾದರು ಮೂರನೇ ಗೇರಿಗೆ ಹಾಕಿ ನಿಧಾನವಾಗಿ ತುಳಿಯುತ್ತ ಹೋದರು. ಮೊದಲು ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಮಾತ್ರ. ಟರ್ಬೊ ಗಾಳಿ ತುಂಬತೊಡಗಿದಾಗ ಅದರ ಅಡಿಯಲ್ಲಿ ಇನ್ನೊಂದು ಸದ್ದು ಎದ್ದಿತು. ಡಬ್ಬಿಯಲ್ಲಿ ಹರಳು ಅಲ್ಲಾಡಿಸಿದ ಹಾಗೆ.

ಒಳಗೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಹೊತ್ತಿಕೊಂಡು ಪಿಸ್ಟನ್ನನ್ನು ಬಡಿಯುವ ಸದ್ದದು. ಹಾಗೆ ಬಡಿಸಿಕೊಳ್ಳುವ ಎಂಜಿನ್ನು ಬಹಳ ದಿನ ಬಾಳುವುದಿಲ್ಲ.

“ಕೇಳತೇನು?”

“ಕೇಳ್ತೈತ್ರಿ.”

“ಯಾವಾಗಿಂದ ಕೇಳ್ತೈತಿ?”

ಚನ್ನವೀರ ಪೈಪನ್ನು ಕಿವಿಯಿಂದ ತೆಗೆದ. ಅವನಿಗೆ ಅದು ಪೈಪಿಲ್ಲದೆಯೂ ಕೇಳುತ್ತಿತ್ತು, ಯುಗಾದಿಯ ಹಿಂದಿನಿಂದಲೂ ಕೇಳುತ್ತಿತ್ತು. ಕೇಳದಿರಲಿ ಎಂದು ರೇಡಿಯೊ ಜೋರು ಮಾಡಿಕೊಂಡು ಓಡಿಸುತ್ತಿದ್ದ.

ಉಸ್ತಾದರು ಗಾಡಿಯನ್ನು ಬದಿಗೆ ನಿಲ್ಲಿಸಿದರು. ಡ್ಯಾಶ್‌ಬೋರ್ಡಿನ ಕೆಳಗೆ ಕೈ ತೂರಿಸಿದರು. ಕೈ ಸ್ವಲ್ಪ ಹೊತ್ತು ತಡಕಾಡಿತು. ಹೊರಗೆ ಬಂದಾಗ ಬೆರಳುಗಳಿಗೆಲ್ಲ ವಿಭೂತಿ ಮೆತ್ತಿತ್ತು, ಅಂಗೈಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಕಪ್ಪು ಡಬ್ಬಿ ಇತ್ತು.

ಸುಳ್ಳು ಹೇಳುವ ಡಬ್ಬಿ. ಚನ್ನವೀರ ಯಾವಾಗಲೋ ಆರಿಸಿಕೊಂಡು, ಕೂಡಿಸಿಕೊಂಡೇ ಆಗಿತ್ತು. ಕೇಳಲು ಬಂದದ್ದು ಒಪ್ಪಿಗೆಯನ್ನು, ಉತ್ತರವನ್ನಲ್ಲ. ನಾವೂ ಗುರುಗಳ ಹತ್ತಿರ ಬಹಳ ಸಲ ಹೋಗುವುದು ಹಾಗೆಯೇ ಅಲ್ಲವೇ.

“ಉಸ್ತಾದ್ರ, ತಪ್ಪಾತು.”

“ನನಗ ಸುಳ್ಳು ಹೇಳಿದ್ದು ಇರಲಿ. ಇದು ಯಾರಿಗೆ ಸುಳ್ಳು ಹೇಳಾಕತ್ತೈತಿ?”

“ಕಂಪ್ಯೂಟರಿಗ್ರಿ.”

“ಅದರಾಗ ಬರದದ್ದು ಯಾರು ಅಂದಿ?”

ಚನ್ನವೀರ ವಿಭೂತಿ ಮೆತ್ತಿದ ಆ ಬೆರಳುಗಳನ್ನು ನೋಡಿದ. “ಅಣ್ಣ” ಅಂದ.

“ಹಂ.”

ಉಸ್ತಾದರು ಇಳಿದು ಈಚೆ ಬದಿಗೆ ಬಂದರು. “ಈಗ ನೀ ಹೊಡಿ” ಅಂದರು.

ಚನ್ನವೀರ ಸ್ಟೀರಿಂಗ್ ಹಿಡಿದ. ಹೊರಟಿತು ಗಾಡಿ. ಅವನು ತುಳಿದ, ಟರ್ಬೊ ಗಾಳಿ ತುಂಬಿತು. ಗಾಳಿ ಅಳೆಯುವ ಮುಳ್ಳು ಒಂದು ಮಿತಿ ಮುಟ್ಟಿದ್ದೇ ತಡ, ಯಾರೋ ಹಿಂದಿನಿಂದ ಕೊರಳಪಟ್ಟಿ ಹಿಡಿದು ಜಗ್ಗಿದಂತೆ ಗಾಡಿ ತಡೆದು ನಿಂತಿತು. ಪೆಟ್ರೋಲು ಬಂದ್. ಕಾಲು ತೆಗೆದರೆ ಮತ್ತೆ ಓಡಿತು. ಮತ್ತೆ ತುಳಿದ, ಮತ್ತೆ ಜಗ್ಗಿತು.

ಮ್ಯಾಪಿನಲ್ಲಿ ಹಾಗೆ ಬರೆದಿತ್ತು. ಗಾಳಿ ಇಷ್ಟಕ್ಕಿಂತ ಮೀರಿದರೆ ಎಂಜಿನ್ನು ತಾನೇ ನಿಲ್ಲಬೇಕು, ಪಿಸ್ಟನ್ನು ಉಳಿಯಬೇಕು.

ಇಷ್ಟು ದಿನ ಆ ಕಪ್ಪು ಡಬ್ಬಿ ಇದನ್ನೇ ಮುಚ್ಚಿಟ್ಟಿತ್ತು. ಸಾಕು, ಸಾಕು ಎಂದು ಅಣ್ಣ ಹೇಳುತ್ತಲೇ ಇದ್ದ. ತಾನು ಅವನ ಬಾಯಿಗೆ ಬಟ್ಟೆ ತುರುಕಿ, ಅವನನ್ನು ಉಳಿಸಿಕೊಂಡೆ ಎಂದುಕೊಂಡಿದ್ದ.

ಚನ್ನವೀರ ಗಾಡಿ ಬದಿಗೆ ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತ.

“ಅಣ್ಣ ಕೈ ಹಿಡದು ಜಗ್ಗಿದಂಗ ಅನಸ್ತೈತ್ರಿ” ಅಂದ.

ಉಸ್ತಾದರು ಕಾಲುವೆಯ ನೀರು ನೋಡುತ್ತ ಕೂತರು.

ಶೆಡ್ಡಿಗೆ ಮರಳಿದ ಮೇಲೆ ಚನ್ನವೀರ ಮುಖ ತೊಳೆದು ಬಂದು ಅವರ ಎದುರು ಕೂತ. ಅಳು ನಿಂತಿತ್ತು. ಅದರ ಜಾಗದಲ್ಲಿ ಒಂದು ಆಸೆ ಎದ್ದಿತ್ತು. ಆಸೆ ಎದ್ದಾಗಲೇ ಅವನ ಮುಖಕ್ಕೆ ಸ್ವಲ್ಪ ಬಣ್ಣ ಬಂದದ್ದು.

“ಉಸ್ತಾದ್ರ, ಡಬ್ಬಿ ಬ್ಯಾಡ. ಹೊಸಾ ಕಂಪ್ಯೂಟರೂ ಬ್ಯಾಡ. ಮೊದಲನೇ ದಾರೀನ ಆಗ್ಲಿ. ಆದ್ರ ಅಳಿಸೂದು ಬ್ಯಾಡ. ಅಣ್ಣನ ಬೀಗದ ಪದ ನಿಮ್ಮ ಕಡೆ ಐತಿ. ತಗೀರಿ. ಅಂವ ಬರದದ್ದರ ಮ್ಯಾಲ ನಾ ಬರೀತೀನಿ. ದೊಡ್ಡ ಟರ್ಬೊಕ್ಕ ಎಷ್ಟು ಬೇಕೋ ಅಷ್ಟ ತಿದ್ದತೀನಿ. ಉಳದದ್ದು ಅಂವಂದ ಇರ್ಲಿ.”

ಮಾತೇನೋ ಸರಿಯಾಗಿಯೇ ಇತ್ತು. ಬೇರೆ ಯಾವ ಗುರುವಾದರೂ ಬೆನ್ನು ತಟ್ಟುತ್ತಿದ್ದ.

ಉಸ್ತಾದರು ತಲೆ ಅಲ್ಲಾಡಿಸಿದರು. “ಓದಬ್ಯಾಡ. ಓದದ ಅಳಿಸು. ಬೇಸ್ ಮ್ಯಾಪಿನಿಂದ ಶುರು ಮಾಡು.”

“ಬೇಸ್‌ನಿಂದ? ಎಲ್ಲಾರಿಗೂ ಕೊಡೂದರಿಂದ?”

“ಅದರಿಂದನ.”

“ಅಣ್ಣ ಬರದದ್ದು ಕೈಯಾಗ ಇಟ್ಕೊಂಡು, ಯಾಕ್ರಿ ನಾ ಕಂಡೋರಿಗೆಲ್ಲ ಕೊಡೂದರಿಂದ ಶುರು ಮಾಡ್ಬೇಕು?”

ಉಸ್ತಾದರು ಹಳೆಯ ಲ್ಯಾಪ್‌ಟಾಪ್ ತಂದು, ವೈರು ಗಾಡಿಗೆ ಸಿಕ್ಕಿಸಿ, ಅವನ ಮುಂದೆ ಇಟ್ಟರು. ಸ್ಕ್ರೀನಿನಲ್ಲಿ ಒಂದೇ ಪ್ರಶ್ನೆ ಇತ್ತು: ಅಳಿಸಲೇ? ಕೆಳಗೆ ಒಂದು ಬಟನ್. ಅಳಿಸುವುದಕ್ಕೆ ಬೀಗ ತೆಗೆಯಬೇಕಿಲ್ಲ. ಓದುವುದಕ್ಕೆ ಮಾತ್ರ ಬೇಕು.

“ನಮಾಜಿಗೆ ಹೋಗಿ ಬರ್ತೀನಿ. ನಾ ಬರೂದರಾಗ ಒತ್ತಿಬಿಡು.”

ಚಾಪೆ ತೆಗೆದುಕೊಂಡು ಅವರು ಹೊಳೆಯ ಕಡೆಗೆ ನಡೆದರು. ಅವರ ನಡಿಗೆ ಯಾವಾಗಿಗಿಂತ ನಿಧಾನವಾಗಿತ್ತು. ಚನ್ನವೀರ ಅದನ್ನು ಗಮನಿಸಲಿಲ್ಲ. ತನ್ನ ದುಃಖದ ಗುಂಗಿನಲ್ಲಿರುವವನಿಗೆ ಎದುರಿನವರ ಹೆಗಲು ಬಾಗಿದ್ದು ಎಲ್ಲಿ ಕಾಣುತ್ತದೆ?

ಅವನು ಬಟನ್ನಿನ ಮೇಲೆ ಬೆರಳಿಟ್ಟ. ತೆಗೆದ. ಮತ್ತೆ ಇಟ್ಟ.

ಅಣ್ಣನಿಗೆ ಅಗ್ನಿ ಕೊಡದೆ ಮಣ್ಣು ಮಾಡಿದ್ದರು, ಅವರ ಮನೆತನದ ರೂಢಿಯಂತೆ. ಎಲ್ಲರ ಜೊತೆ ತಾನೂ ಒಂದು ಹಿಡಿ ಮಣ್ಣು ಹಾಕಿದ್ದ. ಎಲ್ಲರೂ ಹಾಕಿದರು, ಅದಕ್ಕೆ ಹಾಕಲು ಆಯಿತು. ಈಗ ಒಬ್ಬನೇ ಹಾಕಬೇಕು. ಅದು ಅವನಿಂದ ಆಗಲಿಲ್ಲ.

ಉಸ್ತಾದರು ಬಂದರು. ಸ್ಕ್ರೀನು ಹಾಗೆಯೇ ಇತ್ತು.

“ಆಗ್ಲಿಲ್ಲೇನು?”

“ಆಗೂದಿಲ್ರಿ.”

“ನಾ ಒತ್ಲೇನು?”

ಚನ್ನವೀರ ಲ್ಯಾಪ್‌ಟಾಪಿನ ಮೇಲೆ ಎರಡೂ ಕೈ ಅಡ್ಡ ಹಿಡಿದ. ವಯಸ್ಸಿಗೆ ಬಂದ ಗಂಡಸು, ಮಕ್ಕಳ ಹಾಗೆ ಅಡ್ಡ ಹಿಡಿದ.

“ಒಂದು ಪ್ರತಿ ತಗದು ಕೊಡ್ರಿ. ಓದೂದಿಲ್ಲ. ಸುಮ್ಮನ ಇಟ್ಕೋತೀನಿ.”

“ಇವತ್ತ ಓದೂದಿಲ್ಲ” ಅಂದರು ಉಸ್ತಾದರು.

“ಆಣಿ ಮಾಡ್ತೀನಿ.”

“ಮಾಡಬ್ಯಾಡ. ಮುರೀತಿ, ಮುರದು ಮತ್ತ ಅಳ್ತಿ.”

“ಹಂಗಾದ್ರ ಓದಿದ್ರ ಏನಾತ್ರಿ? ನಮ್ಮಣ್ಣನ ಅಕ್ಷರ ನಾ ಓದಬಾರದಾ?”

ಉಸ್ತಾದರು ಒಲೆಯ ಮೇಲೆ ಚಹಾ ಇಟ್ಟರು. ಅದು ಕುದಿಯಿತು. ಇಳಿಸಿದರು. ಯಾರೂ ಕುಡಿಯಲಿಲ್ಲ.

ಚನ್ನವೀರ ಅವರ ಕಾಲು ಹಿಡಿದ. ಉಸ್ತಾದರು ಕಾಲು ಎಳೆದುಕೊಂಡರು. ತಮ್ಮ ಕಾಲಿಗೆ ಬಿದ್ದವರನ್ನು ಅವರು ಬಯ್ಯುತ್ತಿದ್ದರು, ಇವತ್ತು ಬಯ್ಯಲಿಲ್ಲ. ಬೇಡಿದ್ದು ಮುಗಿದಾಗ ಚನ್ನವೀರನಿಗೆ ಸಿಟ್ಟು ಬಂತು. ಬೇಡಿಕೊಂಡೂ ಸಿಗದವನ ಸಿಟ್ಟು ಬಹಳ ಕೆಟ್ಟದ್ದು.

“ನೀವು ತಗೀದಿದ್ರ ಬಿಡ್ರಿ. ಬೀಗ ಒಡಿಯೋರು ಸಿಟಿಯಾಗ ಅದಾರ. ದುಡ್ಡು ಕೊಟ್ರ ಓದಿ ಕೊಡ್ತಾರ. ಅಲ್ಲೇ ಹೋಗ್ತೀನಿ.”

ಉಸ್ತಾದರ ಮುಖ ಬಾಡಿತು.

“ಅವರ ಮುಂದ ತಗಸ್ತೀಯಾ ಶಿವಯೋಗೀದನ್ನ?”

“ಮತ್ತೇನ ಮಾಡ್ಲ್ರಿ? ನೀವು ದಾರಿ ಬಿಟ್ಟಿಲ್ಲಲ್ಲ.”

“ಕಡೀ ಸಲ ಹೇಳ್ತೀನಿ, ಚನ್ನಾ. ಓದಬ್ಯಾಡ.”

“ಕಾರಣ ಹೇಳ್ರಿ.”

“ಕಾರಣ ಹೇಳಿದ್ರ ಓದಿದಂಗ.”

ಚನ್ನವೀರನಿಗೆ ಅದು ಗುರುಗಳ ಎಂದಿನ ಒಗಟಿನ ಮಾತು ಎನ್ನಿಸಿತು. ಇಷ್ಟು ವರ್ಷ ಅಂಥ ಮಾತುಗಳಿಗೆ ತಲೆಯಾಡಿಸಿದ್ದ. ಇವತ್ತು ಅವನಿಗೆ ಸಾಕಾಗಿತ್ತು. ಎದ್ದು ಗಾಡಿಯ ಕೀಲಿ ತೆಗೆದುಕೊಂಡ.

“ಕುಂದ್ರು” ಅಂದರು ಉಸ್ತಾದರು.

ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಯಾವತ್ತೂ ಬಳಸದ ಪದವನ್ನು ನಿಧಾನವಾಗಿ ಒತ್ತಿದರು. ಒತ್ತುವಾಗ ಅವರ ಬೆರಳು ಎರಡು ಸಲ ತಪ್ಪಿತು.

ಬೀಗ ತೆರೆಯಿತು.

ಸ್ಕ್ರೀನಿನ ತುಂಬ ಅಂಕಿಗಳು. ಸಾಲು ಸಾಲು, ಮನೆ ಮನೆ. ಚನ್ನವೀರ ಬಾಗಿ ನೋಡಿದ. ಅವನಿಗೆ ಎದೆ ತುಂಬಿ ಬಂತು. ಇದು ಅಣ್ಣ ಕೂತು ಬರೆದದ್ದು, ಒಂದೊಂದು ಅಂಕಿಗೂ ಅವನು ತನ್ನನ್ನು ನೆನೆಸಿಕೊಂಡಿರಬೇಕು. ಒಂದು ಅಂಕಿಯ ಮೇಲೆ ಬೆರಳಿಟ್ಟು ಸವರಿದ. ಅವನ ಬದುಕಿನಲ್ಲಿ ಅಷ್ಟು ಸುಖದ ಗಳಿಗೆ ಬಹಳ ಇರಲಿಲ್ಲ, ಆಮೇಲೂ ಬರಲಿಲ್ಲ.

“ನೋಡಿದೆಲ್ಲ. ಮುಚ್ಚಲೇನು?” ಅಂದರು ಉಸ್ತಾದರು.

“ತಡೀರಿ, ತಡೀರಿ. ನಿಮ್ಮ ಬೇಸ್ ಮ್ಯಾಪ್ ಮಗ್ಗಲದಾಗ ಇಡ್ರಿ. ಅಣ್ಣ ಎಲ್ಲೆಲ್ಲಿ ತಿದ್ದ್ಯಾನ ನೋಡೂಣು.”

“ಅದು ಬ್ಯಾಡ.”

“ಇಡ್ರೀ ಉಸ್ತಾದ್ರ.”

ಎರಡು ಮ್ಯಾಪುಗಳನ್ನು ಅಕ್ಕಪಕ್ಕ ಇಟ್ಟರೆ, ಬೇರೆಯಾದ ಅಂಕಿಗಳು ಕೆಂಪಾಗುತ್ತವೆ. ಶಿಷ್ಯರು ಮ್ಯಾಪ್ ಮುಗಿಸಿದ ದಿನ ಹಾಗೆ ಇಟ್ಟು ನೋಡಿಕೊಳ್ಳುತ್ತಿದ್ದರು. ಇಡೀ ಸ್ಕ್ರೀನು ಕೆಂಪಾದರೆ ಕುಣಿದಾಡುತ್ತಿದ್ದರು.

ಉಸ್ತಾದರು ಕೈ ಕಟ್ಟಿ ಕೂತರು. ಇಡಲಿಲ್ಲ. ಚನ್ನವೀರನಿಗೆ ಅಷ್ಟು ಕೆಲಸ ಬರುತ್ತಿತ್ತು. ಅವನೇ ಹುಡುಕಿ, ಅವನೇ ಇಟ್ಟ.

ಯಾವುದೂ ಕೆಂಪಾಗಲಿಲ್ಲ.

ತಾನೇ ಏನೋ ತಪ್ಪು ಮಾಡಿದೆ ಎಂದುಕೊಂಡು ಮತ್ತೊಮ್ಮೆ ಇಟ್ಟ. ಮೇಲಿನಿಂದ ಕೆಳಗೆ ಇಳಿದ, ಕೆಳಗಿನಿಂದ ಮೇಲೆ ಹತ್ತಿದ. ಪೆಟ್ರೋಲಿನ ಕೋಷ್ಟಕ ನೋಡಿದ, ಕಿಡಿಯ ಕೋಷ್ಟಕ ನೋಡಿದ. ಎಲ್ಲ ಬಿಳಿ.

“ಉಸ್ತಾದ್ರ, ಇದು ಬರೊಬ್ಬರಿ ತೋರಸವಲ್ದು.”

ಉಸ್ತಾದರು ಹೊಳೆಯ ಕಡೆ ಮುಖ ತಿರುಗಿಸಿದರು.

“ಎರಡನೇ ಗೇರಿನ್ಯಾಗ ಮೆತ್ತಗ ಎಳೀತೈತಲ್ರಿ. ಅದನ್ನ ಅಣ್ಣ ನನಗಂತ ಹಾಕ್ಯಾನ.”

“ಹೊಸದಾಗಿ ಬಂದೋರಿಗೆಲ್ಲ ಹಾಕಿ ಕೊಡ್ತೀನಿ.”

“ಗಾಳಿ ಮೀರಿದ್ರ ನಿಲ್ಲೂದು?”

“ಅದೂ.”

ಚನ್ನವೀರನ ಕೈ ಸ್ಕ್ರೀನಿನ ಮೇಲೆಯೇ ಉಳಿಯಿತು. ಹೊಳೆಯ ಆಚೆ ಯಾರೋ ದನಗಳನ್ನು ಕೂಗಿ ಕರೆಯುತ್ತಿದ್ದರು. ಅವನಿಗೆ ಆ ದನಿ ಬಹಳ ದೂರದಿಂದ ಬಂದಂತೆ ಕೇಳಿಸಿತು.

“ಹಂಗಾದ್ರ ಅಂವ ಸುಳ್ಳು ಹೇಳಿದನೇನ್ರಿ?”

ಉಸ್ತಾದರು ಆಗ ಹೇಳಿದರು. ಅವರು ಅಷ್ಟು ಉದ್ದ ಮಾತಾಡಿದ್ದನ್ನು ಚನ್ನವೀರ ಎಂದೂ ಕೇಳಿರಲಿಲ್ಲ.

“ಕಣ್ಣು ಅರಿಷಿಣ ಆಗಿದ್ವು ಅವಂದು. ಅಂಥಾದರಾಗ ಗಾಡಿ ತಾನ ಹೊಡ್ಕೊಂಡು ಬಂದಿದ್ದ. ತನ್ನ ಮ್ಯಾಪ್ ಇದ್ದಂಗ ಚನ್ನಗ ಕೊಟ್ರ, ಅವನ ಒರಟು ಕಾಲಿಗೆ ಘಾಟಿನ್ಯಾಗ ಹೋಗ್ಬಿಡ್ತಾನ ಅಂದ. ಕುಂತ ಜಾಗದಾಗ ತನ್ನದು ಅಳಿಸಿಬಿಟ್ಟ. ಎಷ್ಟು ವರ್ಷ ಬರದಿದ್ದ ಅದನ್ನ. ನಾ ತಡದೆ, ಕೇಳಲಿಲ್ಲ.”

“ಆಮ್ಯಾಲ?”

“ಬೇಸ್ ಹಾಕ್ಕೊಂಡ. ನಿನಗಂತ ಬರಿಯಾಕ ಕುಂತ. ಮೊದಲನೇ ಅಂಕಿ ಮ್ಯಾಲ ಬೆರಳಿಟ್ಟು ಹಂಗ ಜೋಂಪು ಹತ್ತಿತು. ಎಬ್ಬಿಸಿ ನೀರು ಕುಡಿಸಿದೆ. ಮತ್ತ ಕುಂತ, ಮತ್ತ ಜೋಂಪು. ಅಂಕಿ ಕಣ್ಣಿಗೆ ಕಲಸಾಕ ಹತ್ತಿದ್ವು ಅಂದ. ನಾ ಬರೀತೀನಿ, ನೀ ಬಾಯಿಲೆ ಹೇಳು ಅಂದೆ. ಹೇಳಾಕೂ ಆಗ್ಲಿಲ್ಲ. ಸಂಜಿ ಆತು. ಒಂದ ಅಂಕಿ ತಿದ್ದಲಿಲ್ಲ.”

ಉಸ್ತಾದರು ತಣ್ಣಗಾದ ಚಹಾ ಒಂದು ಗುಟುಕು ಕುಡಿದರು.

“ಬೀಗ ಹಾಕಿದ. ಪದ ಹೇಳಿದ. ಮನಿಗೆ ಹೋಗಿ ನಿನಗ ಬರದೀನಿ ಅಂದ.”

ಚನ್ನವೀರನಿಗೆ ಅಳು ಬರಲಿಲ್ಲ. ಅಳುವುದಕ್ಕೂ ಹಿಡಿಯಲು ಏನಾದರೂ ಬೇಕಲ್ಲ. ಇಷ್ಟು ದಿನ ಗಾಡಿಯಲ್ಲಿ ಉತ್ತರ ಕೊಡುತ್ತಿದ್ದವನು ಅಣ್ಣನಾಗಿರಲಿಲ್ಲ. ಅಣ್ಣನ ನಿಜವಾದ ಮ್ಯಾಪು ಈ ಶೆಡ್ಡಿನಲ್ಲಿ, ಈ ಜಾಗದಲ್ಲಿ, ತನಗಾಗಿಯೇ ಅಳಿಸಿಹೋಗಿತ್ತು. ವಿಭೂತಿ ಹಚ್ಚಿದ್ದು ಕಂಡವರಿಗೆಲ್ಲ ಕೊಡುವ ಅಂಕಿಗಳಿಗೆ. ಇನ್ನು ಯಾವ ದಾರಿ ಆರಿಸಿಕೊಂಡರೂ ಒಂದೇ. ಕಳೆದುಕೊಳ್ಳಲು ಕೂಡ ಏನೂ ಇರಲಿಲ್ಲ.

ಅವನು ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡ. ಅಳಿಸಲೇ ಎನ್ನುವ ಪ್ರಶ್ನೆಯನ್ನು ಮತ್ತೆ ತಂದ. ಈ ಸಲ ಬೆರಳು ಹಿಂದೆ ತೆಗೆಯಲಿಲ್ಲ. ಒತ್ತಿದ. ಅಂಕಿಗಳು ಹೋದವು. ಮುಗಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಚನ್ನವೀರ ಖಾಲಿ ಸ್ಕ್ರೀನಿನ ಮೇಲೆ ಬೆರಳಾಡಿಸಿದ.

“ಉಸ್ತಾದ್ರ, ಅದರಾಗ ಅಣ್ಣಂದು ಅನ್ನೂದು ಏನೂ ಇರಲಿಲ್ಲೇನ್ರಿ?”

ಉಸ್ತಾದರು ಲ್ಯಾಪ್‌ಟಾಪ್ ಮುಚ್ಚಿದರು.

“ಬೀಗ ಇತ್ತು. ಇದು ನಿನಗ ಗೊತ್ತಾಗಬಾರದು ಅನ್ನೂದು ಒಂದ ಅವಂದಿತ್ತು.”